ಹಿಂದಿನ ಸೀಟಿನ ಅಮ್ಮ, ಇಪ್ಪತ್ತು ಇಂಚಿನ ಚಕ್ರ

ನಮ್ಮ ಮನೆಯವರು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ತಮಗೆ ಇಂಥದ್ದು ಬೇಕು ಅಂತ ಬಾಯಿ ಬಿಟ್ಟು ಕೇಳಿದವರಲ್ಲ. ಬಡಿಸಿದ್ದು ಉಂಡರು, ತಂದದ್ದು ತೊಟ್ಟರು, ಬೈದದ್ದು ಕೇಳಿಸಿಕೊಂಡರು. ಅಂಥ ಮನುಷ್ಯ ಹೋದ ತಿಂಗಳು ಷೋರೂಮಿನಲ್ಲಿ ಒಂದು ಎಸ್‌ಯುವಿಗೆ ಮೂರು ಸುತ್ತು ಹಾಕಿ, ಅದರ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಮಗುವಿನ ಕೆನ್ನೆ ಸವರುವ ಹಾಗೆ ರಿಮ್ಮನ್ನು ಸವರಿ, "ಇದೇ ಇರಲಿ ಕಣೇ" ಅಂದರು.

ಇಪ್ಪತ್ತು ಇಂಚಿನ ರಿಮ್ಮು. ಕಪ್ಪು ಬಣ್ಣ, ಅಂಚಿಗೆ ಬೆಳ್ಳಿ ಗೆರೆ. ಅದೇ ಕಾರು ಹದಿನೆಂಟು ಇಂಚಿನದರಲ್ಲೂ ಬರುತ್ತಿತ್ತು, ಅದು ಪಕ್ಕದಲ್ಲೇ ನಿಂತಿತ್ತು, ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ. ಟೈರ್ ಅಂಗಡಿ ನಡೆಸುವವಳು ನಾನು, ಚಕ್ರದ ಮಾತು ಬಂದರೆ ಈ ಊರಿನಲ್ಲಿ ನನ್ನನ್ನು ಕೇಳುತ್ತಾರೆ, ಆದರೆ ನನ್ನ ಗಂಡ ಕೇಳಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಜನ್ಮದಲ್ಲಿ ಒಂದು ಸಲ ಆಸೆಪಟ್ಟಿದ್ದಾರೆ, ಹೋಗಲಿ ಪಾಪ ಅಂತ ನುಂಗಿಕೊಂಡೆ. ನಾನು ಮಾತು ನುಂಗಿದ್ದು ಬಹುಶಃ ಅದೇ ಮೊದಲು.

ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವ ಪಾಠ ಇದು. ಚಕ್ರದ ಒಟ್ಟು ಎತ್ತರ ಎರಡರದೂ ಒಂದೇ. ರಿಮ್ಮು ದೊಡ್ಡದಾದಷ್ಟೂ ಅದರ ಸುತ್ತಲಿನ ರಬ್ಬರು ಸಣ್ಣದಾಗುತ್ತದೆ. ರಬ್ಬರಿನ ಒಳಗೆ ಇರುವುದು ಗಾಳಿ, ಆ ಗಾಳಿಯೇ ನಿಮ್ಮ ಸೊಂಟಕ್ಕೆ ದಿಂಬು. ದೊಡ್ಡ ರಿಮ್ಮು ಹಾಕಿದರೆ ಕಾರು ಹೇಳಿದ ಮಾತು ತಕ್ಷಣ ಕೇಳುತ್ತದೆ, ತಿರುವಿನಲ್ಲಿ ವಾಲುವುದಿಲ್ಲ, ನೋಡುವುದಕ್ಕೂ ಚೆಂದ. ಆದರೆ ರಸ್ತೆಯ ಒಂದೊಂದು ಕಲ್ಲೂ ನಿಮ್ಮ ಬೆನ್ನು ಹುರಿಗೆ ಬಂದು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ತೆಳ್ಳನೆಯ ಚಪ್ಪಲಿ ಹಾಕಿಕೊಂಡು ಜಲ್ಲಿ ಮೇಲೆ ನಡೆದ ಹಾಗೆ. ಸಣ್ಣ ರಿಮ್ಮು, ದಪ್ಪ ಟೈರು ಇದ್ದರೆ ಮೆತ್ತಗೆ ಸಾಗುತ್ತದೆ, ತಿರುವಿನಲ್ಲಿ ಮಾತ್ರ ಒಂದು ಗಳಿಗೆ ಯೋಚನೆ ಮಾಡಿ ತಿರುಗುತ್ತದೆ. ಎರಡೂ ಒಟ್ಟಿಗೆ ಬೇಕು ಅಂದರೆ ಯಾರ ಕೈಯಲ್ಲೂ ಆಗುವುದಿಲ್ಲ.

ನಮ್ಮ ಮನೆಯಲ್ಲಿ ಇಬ್ಬರು ಮುದುಕಿಯರಿದ್ದಾರೆ. ಒಬ್ಬಳು ನನ್ನಮ್ಮ, ಇನ್ನೊಬ್ಬರು ನಮ್ಮತ್ತೆ. ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬರಿಗೆ ಕಿಟಕಿ ತೆಗೆದಿರಬೇಕು, ಇನ್ನೊಬ್ಬರಿಗೆ ಮುಚ್ಚಿರಬೇಕು. ಒಬ್ಬರು ಟೀವಿಯ ಸದ್ದು ಜಾಸ್ತಿ ಮಾಡಿದರೆ ಇನ್ನೊಬ್ಬರು ಎದ್ದು ಹೋಗುವ ಹಾಗೆ ಮಾಡಿ ಮತ್ತೆ ಬಂದು ಕೂರುತ್ತಾರೆ. ಅತ್ತೆಯ ಮಾತಿಗೆ ಲಗಾಮಿಲ್ಲ. ಅಮ್ಮ ದಿನಕ್ಕೆ ಎಣಿಸಿ ಹತ್ತು ಮಾತು ಆಡುವವಳು. ಅದರಲ್ಲಿ ಎಂಟು ಮಾತು ಚಕ್ರದ ಬಗ್ಗೆ.

ಅದಕ್ಕೊಂದು ಕಾರಣವಿದೆ. ಅಂಗಡಿ ಅಪ್ಪನ ಕಾಲದ್ದು. ಆಗ ನಮ್ಮಲ್ಲಿ ಚಕ್ರದ ಸುತ್ತಲೂ ತೂಕ ಸಮ ಮಾಡುವ ಬ್ಯಾಲೆನ್ಸಿಂಗ್ ಯಂತ್ರ ಇರಲಿಲ್ಲ, ಅಮ್ಮ ಇದ್ದಳು. ಗಿರಾಕಿಯ ಕಾರನ್ನು ಅಪ್ಪ ಓಡಿಸುತ್ತಿದ್ದ, ಅಮ್ಮ ಹಿಂದಿನ ಸೀಟಿನಲ್ಲಿ ಎರಡೂ ಅಂಗೈ ಸೀಟಿಗೆ ಊರಿ, ಕಣ್ಣು ಮುಚ್ಚಿ ಕೂರುತ್ತಿದ್ದಳು. ಅಣ್ಣ ಒಂದು ಪಕ್ಕ, ನಾನು ಒಂದು ಪಕ್ಕ, ಉಸಿರಾಡಿದರೂ ಗದರುತ್ತಿದ್ದಳು. ಮುಂದಿನ ಚಕ್ರದಲ್ಲಿ ದೋಷವಿದ್ದರೆ ಸ್ಟಿಯರಿಂಗ್ ನಡುಗುತ್ತದೆ, ಅದು ಅಪ್ಪನ ಪಾಲು. ಹಿಂದಿನದರಲ್ಲಿದ್ದರೆ ಸೀಟು ನಡುಗುತ್ತದೆ, ಅದು ಅಮ್ಮನ ಪಾಲು. ಒಂದು ಮೈಲಿ ಆದ ಮೇಲೆ ಅಮ್ಮ ಕಣ್ಣು ತೆರೆದು "ಹಿಂದಿನ ಬಲ" ಅಂದರೆ ಮುಗಿಯಿತು. ಅಪ್ಪ ಬಂದು ಆ ಚಕ್ರದ ರಿಮ್ಮಿಗೆ ಸೀಸದ ತುಂಡು ಸಿಕ್ಕಿಸುತ್ತಿದ್ದ, ನಡುಕ ನಿಲ್ಲುತ್ತಿತ್ತು. ದೂರದೂರದಿಂದ ಜನ ಬರುತ್ತಿದ್ದರು.

ಆಮೇಲೆ ಯಂತ್ರ ಬಂತು. ಚಕ್ರವನ್ನು ಅದಕ್ಕೆ ಸಿಕ್ಕಿಸಿ ತಿರುಗಿಸಿದರೆ ಎಲ್ಲಿ ಎಷ್ಟು ತೂಕ ಹಾಕಬೇಕು ಅಂತ ತಾನೇ ತೋರಿಸುತ್ತದೆ. ಮರುದಿನ ಅಮ್ಮ ಎಂದಿನಂತೆ ಚೀಲ ಹಿಡಿದು ಅಂಗಡಿಗೆ ಬಂದಳು, ಕಂಪ್ರೆಸರ್ ಪಕ್ಕದ ಕುರ್ಚಿಯಲ್ಲಿ ಕೂತಳು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದಾಳೆ. ಅಪ್ಪ ಹೋದ ಮೇಲೂ ಬಂದಳು. ಕೆಲಸ ಬಿಡು ಅಂತ ಯಾರೂ ಅವಳಿಗೆ ಹೇಳಲಿಲ್ಲ, ಮಾಡು ಅಂತಲೂ ಹೇಳಲಿಲ್ಲ.

ಈಗ ಅವಳಿಗೆ ಎಪ್ಪತ್ತೊಂಬತ್ತು. ಎರಡು ವರ್ಷದ ಹಿಂದೆ ಬಿದ್ದು ಬೆನ್ನಿನ ಒಂದು ಮೂಳೆ ಬಿರುಕು ಬಿಟ್ಟಿತ್ತು, ಅದು ಕೂಡಿಕೊಂಡಿದೆ. ಕೂಡಿಕೊಳ್ಳದೆ ಇರುವುದು ಬೇರೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಊಟ ಆಯ್ತಾ ಅಂತ ಕೇಳಿದವಳು ಉತ್ತರ ಕೇಳಿಸಿಕೊಂಡು ಮತ್ತೆ ಕೇಳುತ್ತಾಳೆ. ಹೋದ ತಿಂಗಳು ಒಲೆ ಹಚ್ಚಲು ಗ್ಯಾಸ್ ತಿರುಗಿಸಿ, ಕಡ್ಡಿ ಗೀರುವುದು ಮರೆತು ಬಂದು ಟೀವಿ ಮುಂದೆ ಕೂತಿದ್ದಳು. ಪುಣ್ಯಕ್ಕೆ ಅತ್ತೆಯ ಮೂಗು ಚುರುಕು.

ಅದನ್ನು ಕೇಳಿದ್ದೇ ಅಣ್ಣ ಪಟ್ಟು ಹಿಡಿದ. ಅವನಿರುವುದು ಎರಡು ಗಂಟೆ ದೂರದ ಊರಿನಲ್ಲಿ, ಒಂಬತ್ತನೇ ಮಹಡಿಯಲ್ಲಿ. ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಹಗಲೆಲ್ಲ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೇನೆ, ಆ ಗ್ರೀಸು ಹೊಗೆಯಲ್ಲಿ ಅವಳನ್ನು ಇನ್ನೆಷ್ಟು ದಿನ ಕೂರಿಸುತ್ತೀಯ ಅಂತ ದಿನಾ ಫೋನು. ಅವನು ಕೆಟ್ಟವನಲ್ಲ, ಅವನು ಹೇಳುವುದರಲ್ಲಿ ತಪ್ಪೂ ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು. ಭಾನುವಾರದೊಳಗೆ ಹೇಳುತ್ತೇನೆ ಅಂದಿದ್ದೆ. ಆ ಮಾತು ಅಮ್ಮನ ಕಿವಿಗೂ ಬಿದ್ದಿತ್ತು. ಒಂದು ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಅವಳು ಮೆಲ್ಲಗೆ ಕೇಳಿದಳು.

"ಅಲ್ಲಿ ನಾನು ಎಲ್ಲಿ ಕೂತ್ಕೊಳ್ಳಲಿ?"

"ಸೋಫಾ ಇದೆಯಲ್ಲಮ್ಮ" ಅಂದೆ. ಅವಳು ಕೇಳಿದ್ದು ಅದಲ್ಲ ಅಂತ ನನಗೆ ಗೊತ್ತಿತ್ತು.

ಹೊಸ ಕಾರಿನಲ್ಲಿ ಅಮ್ಮನನ್ನು ಮೊದಲ ಸಲ ಕೂರಿಸಿಕೊಂಡು ಊರು ಸುತ್ತಿ ಬಂದ ದಿನ ಅವಳು ಸೊಂಟ ಹಿಡಿದುಕೊಂಡು ಮಲಗಿದವಳು ಎರಡು ದಿನ ಏಳಲಿಲ್ಲ. ನನಗೆ ಅಷ್ಟೇ ಬೇಕಿತ್ತು. ನುಂಗಿದ್ದ ಮಾತೆಲ್ಲ ವಾಂತಿಯಾಯಿತು. ನಿಮ್ಮ ಜುಟ್ಟಿನ ಮಲ್ಲಿಗೆಯಿಂದ ನನ್ನಮ್ಮನ ಸೊಂಟ ಹೋಯಿತು, ಇವತ್ತೇ ಹದಿನೆಂಟಕ್ಕೆ ಬದಲಿಸುತ್ತೇನೆ ಅಂದೆ. ನಮ್ಮ ಮನೆಯವರು ರಟ್ಟಿಗೆ ಅಂಟು ಹಚ್ಚುತ್ತಿದ್ದ ಕೈ ನಿಲ್ಲಿಸದೆ, ಚಕ್ರದಿಂದ ಅಲ್ಲ, ಆ ಮುರುಕು ರಸ್ತೆಯಿಂದ, ಎರಡು ಇಂಚಿಗೆಲ್ಲ ಅಷ್ಟು ವ್ಯತ್ಯಾಸ ಬರಲ್ಲ, ಎಲ್ಲ ನಿನ್ನ ಮನಸ್ಸಿನಲ್ಲಿರೋದು ಅಂದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ನನಗೆ ಎದುರಾಡಿದ್ದು ಅದೇ ಮೊದಲು.

ಹಾಗಾದರೆ ಪರೀಕ್ಷೆ ಮಾಡೋಣ ಅಂತಾಯಿತು. ಒಬ್ಬ ಗಿರಾಕಿ ಬೇಡ ಅಂತ ಬಿಟ್ಟು ಹೋಗಿದ್ದ, ಅದೇ ಕಾರಿನ ಹದಿನೆಂಟು ಇಂಚಿನ ನಾಲ್ಕು ಚಕ್ರಗಳು ಅಂಗಡಿಯಲ್ಲಿದ್ದವು. ಅವನ್ನು ನಾನೇ ಯಂತ್ರದ ಮೇಲೆ ತಿರುಗಿಸಿ, ತೂಕ ಅಂಟಿಸಿ, ಸೊನ್ನೆ ತೋರಿಸುವವರೆಗೂ ಸರಿ ಮಾಡಿ, ಮೆಟ್ಟಿಲ ಕೆಳಗೆ ಪೇರಿಸಿಟ್ಟೆ. ಸಿಟ್ಟಿನಲ್ಲಿ ಮಾಡಿದ ಕೆಲಸವಾದ್ದರಿಂದ ಬೇಗ ಮುಗಿಯಿತು. ತೀರ್ಪುಗಾರರು ಇಬ್ಬರು ಮುದುಕಿಯರು. ಯಾವ ಸುತ್ತಿಗೆ ಯಾವ ಚಕ್ರ ಅಂತ ಅವರಿಗೆ ತಿಳಿಯಬಾರದು, ಅದಕ್ಕೆ ಕಾರಿನ ಎರಡೂ ಪಕ್ಕ ಹಳೇ ಟೈರುಗಳನ್ನು ಸೊಂಟದೆತ್ತರ ಪೇರಿಸಿ ಗೋಡೆ ಕಟ್ಟಿದೆ. ಬಾಗಿಲು ತೆರೆಯುವಷ್ಟು ಮಾತ್ರ ಸಂದಿ.

ಚಕ್ರ ಬದಲಿಸುವವರು ಯಾರು ಅನ್ನುವಲ್ಲಿ ಅತ್ತೆ ಕಾನೂನು ಹೇಳಿದರು. ನಾನು ಹೊರಗಿದ್ದರೆ ಏನಾದರೂ ಕೈಚಳಕ ಮಾಡುತ್ತೇನೆ, ಆದ್ದರಿಂದ ನಾನು ಅವರಿಬ್ಬರ ಜೊತೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು. ಅವರ ಮಗ ಮಾತ್ರ ಸತ್ಯವಂತ. ಅದು ಶನಿವಾರ ಮಧ್ಯಾಹ್ನ, ಕೆಲಸದವರೆಲ್ಲ ಅರ್ಧ ದಿನದ ರಜೆ ಹಾಕಿ ಹೋಗಿದ್ದರು. ನಮ್ಮ ಮನೆಯವರಿಗೆ ಆ ಕೆಲಸ ಬರುತ್ತದೆ, ನನ್ನನ್ನು ನೋಡಿ ನೋಡಿಯೇ ಕಲಿತಿದ್ದಾರೆ. ಸರಿ ಅಂದೆ.

ಮೊದಲ ಸುತ್ತು ಇಪ್ಪತ್ತರ ಮೇಲೆ. ನಮ್ಮ ಮನೆಯವರು ಡ್ರೈವರ್, ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು, ಹಿಂದೆ ಮುದುಕಿಯರು. ಗಿರಣಿ ಹಿಂದಿನ ಕಲ್ಲುಗಳ ಓಣಿ, ಶಾಲೆಯ ಮುಂದಿನ ಹಂಪು, ಸೇತುವೆಯ ಹತ್ತಿರದ ಎರಡು ತಿರುವು, ಆಮೇಲೆ ಕಾಲುವೆ ಪಕ್ಕದ ನೇರ ರಸ್ತೆ. ಅತ್ತೆ ಉದ್ದಕ್ಕೂ "ಅಯ್ಯೋ ನನ್ನ ಬೆನ್ನೇ" ಅನ್ನುತ್ತಿದ್ದರು. ಅಮ್ಮ ಎರಡೂ ಅಂಗೈ ಸೀಟಿಗೆ ಊರಿ ಕಣ್ಣು ಮುಚ್ಚಿದ್ದಳು. ಅವಳನ್ನು ಆ ಭಂಗಿಯಲ್ಲಿ ನೋಡಿದ್ದು ಎಷ್ಟೋ ವರ್ಷದ ಮೇಲೆ.

ವಾಪಸು ಬಂದು ಒಳಕೋಣೆ ಸೇರಿದೆವು. ಹೊರಗೆ ಜಾಕು ಏರಿದ ಸದ್ದು, ನಟ್ ಬಿಚ್ಚುವ ಗಾಳಿ ಗನ್ನಿನ ಸದ್ದು. ಒಂದು ಚಕ್ರಕ್ಕೆ ಐದು ನಟ್ಟು, ನಾಲ್ಕು ಚಕ್ರಕ್ಕೆ ಇಪ್ಪತ್ತು, ಬಿಚ್ಚುವುದಕ್ಕೆ ಇಪ್ಪತ್ತು ಸಲ, ಹಾಕುವುದಕ್ಕೆ ಇಪ್ಪತ್ತು ಸಲ. ಅತ್ತೆ ಮೊದಲ ಸುತ್ತಿನಲ್ಲಿ ತಮ್ಮ ಕರುಳು ಎಲ್ಲೆಲ್ಲಿಗೆ ಹೋಗಿ ಬಂತು ಅಂತ ವರ್ಣಿಸುತ್ತಿದ್ದರು, ನಾನು ಒಂದು ಕಿವಿಯಲ್ಲಿ ಗನ್ನಿನ ಸದ್ದು ಎಣಿಸುತ್ತಿದ್ದೆ. ಲೆಕ್ಕ ಸರಿಯಾಗಿ ನಲವತ್ತಕ್ಕೆ ಬಂತು. ಅಮ್ಮ ಮಾತ್ರ ಬಾಗಿಲ ಕಡೆ ಒಂದು ಸಲ ನೋಡಿ, ನನ್ನನ್ನೊಂದು ಸಲ ನೋಡಿ, ಸೆರಗು ಸರಿ ಮಾಡಿಕೊಂಡಳು. ಅರ್ಧ ಗಂಟೆಗೆ ನಮ್ಮ ಮನೆಯವರು ಬೆವರು ಸುರಿಸಿಕೊಂಡು ಬಂದರು. ಬಿಗಿ ನೋಡಿದ್ರಾ ಅಂತ ಕೇಳಿದೆ. "ಎಲ್ಲಾ ಬಿಗಿಯಾಗೇ ಇದೆ" ಅಂದರು. ಯಾರೇ ಚಕ್ರ ಹಾಕಿದರೂ ಇನ್ನೊಬ್ಬರು ಬಗ್ಗಿ ಬಿಗಿ ನೋಡಲೇಬೇಕು ಅನ್ನುವುದು ಅಪ್ಪನ ಕಾಲದ ನಿಯಮ. ಮಾತಿನ ಭರದಲ್ಲಿ ಅವತ್ತು ನಾನು ಬಗ್ಗಲಿಲ್ಲ.

ಎರಡನೇ ಸುತ್ತು. ಅದೇ ಓಣಿ, ಅದೇ ಹಂಪು. ನನಗೆ ಎಷ್ಟು ಹಾಯಾಯಿತು ಅಂದರೆ ಹೇಳತೀರದು. ಕಲ್ಲುಗಳ ಮೇಲೆ ಕಾರು ತೇಲಿದ ಹಾಗೆ ಹೋಯಿತು. ಸೇತುವೆಯ ತಿರುವಿನಲ್ಲಿ ಒಂದಿಷ್ಟು ವಾಲಿತು ಅಂತಲೂ ಅನಿಸಿ, ನ್ಯಾಯವಾಗಿರಬೇಕಲ್ಲ ಅಂತ ಅದನ್ನೂ ಬರೆದುಕೊಂಡೆ. ನೋಡಿ, ಎಷ್ಟು ವ್ಯತ್ಯಾಸ ಅಂತ ಗಂಡನ ಮುಖ ನೋಡಿದರೆ ಅವರು ರಸ್ತೆ ಬಿಟ್ಟು ಕಣ್ಣು ಆಚೀಚೆ ಹಾಕಲಿಲ್ಲ. ಸೋತ ಮನುಷ್ಯ ಅಂದುಕೊಂಡೆ.

ಒಳಕೋಣೆಯಲ್ಲಿ ತೀರ್ಪು. ಅತ್ತೆ ಎದ್ದು ನಿಂತೇ ಹೇಳಿದರು. ಮೊದಲನೆಯದು ಕಲ್ಲುಗುಂಡು, ಎರಡನೆಯದು ಹತ್ತಿ ಹಾಸಿಗೆ, ಎರಡನೇ ಸಲ ತಮಗೆ ಜೊಂಪು ಕೂಡ ಹತ್ತಿತ್ತು, ಮಗನಾದರೂ ಸರಿ ಸತ್ಯ ಸತ್ಯವೇ. ನಾನು ಬರೆದುಕೊಂಡು ಅಮ್ಮನ ಕಡೆ ತಿರುಗಿದೆ.

"ಎರಡು ಸಲನೂ ಅದೇ ಚಕ್ರ" ಅಂದಳು ಅಮ್ಮ.

ಉಪ್ಪು ಹಾಕಿದ್ದು ಮರೆತದ್ದು, ಗ್ಯಾಸ್ ಮರೆತದ್ದು, ಅದೆಲ್ಲ ಯಾರಿಗಾದರೂ ಆಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಆದರೆ ಚಕ್ರ? ಈ ಹೆಂಗಸಿನ ಅಂಗೈಗೆ ಕಾಸಿನಷ್ಟು ತೂಕದ ಏರುಪೇರು ತಿಳಿಯುತ್ತಿತ್ತು. ಈಗ ಕಲ್ಲುಗುಂಡಿಗೂ ಹತ್ತಿಗೂ ವ್ಯತ್ಯಾಸ ತಿಳಿಯುತ್ತಿಲ್ಲ. ಅವಳೊಳಗೆ ಕೊನೆಗೆ ಉಳಿದಿದ್ದದ್ದೂ ಹೋಯಿತು ಅಂತ ದಿಗಿಲಾಯಿತು. ದಿಗಿಲಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅದು ನನ್ನ ಹುಟ್ಟುಗುಣ.

"ಸುಮ್ನಿರಮ್ಮ. ನಿನಗೆ ಈಗ ಗೊತ್ತಾಗಲ್ಲ" ಅಂದೆ.

ಅಮ್ಮ ಎದ್ದಳು. "ಸರಿ. ನಿನಗೆ ಹೇಗೆ ಅನ್ಸುತ್ತೋ ಹಾಗೆ ಬರ್ಕೋ" ಅಂದು, ಗೋಡೆ ಹಿಡಿದುಕೊಂಡು ಹೋಗಿ ಕಂಪ್ರೆಸರ್ ಪಕ್ಕದ ತನ್ನ ಕುರ್ಚಿಯಲ್ಲಿ ಕೂತಳು. ನಮ್ಮ ಮನೆಯವರು ಏನೋ ಹೇಳಲು ಬಾಯಿ ತೆರೆದರು, ನಾನು ಕೈ ಅಡ್ಡ ಹಿಡಿದೆ. ರಸ್ತೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದೆ. ನಾಳೆ ಬಾ, ನೀನು ಹೇಳಿದ್ದೇ ಸರಿ ಅಂದೆ. ನಾಳೆ ಹತ್ತು ಗಂಟೆಗೆ ಬರುತ್ತೇನೆ ಅಂದ. ಒಳಗೆ ತಿರುಗಿ ನೋಡಿದರೆ ಅಮ್ಮ ಕುರ್ಚಿಯ ಕೈಗೆ ಹತ್ತಿದ್ದ ಗ್ರೀಸನ್ನು ಸೆರಗಿನಿಂದ ಉಜ್ಜುತ್ತಿದ್ದಳು.

ಕೈಗೆ ಏನಾದರೂ ಕೆಲಸ ಬೇಕಿತ್ತು. ಬಿಚ್ಚಿದ ಇಪ್ಪತ್ತರ ಚಕ್ರಗಳನ್ನಾದರೂ ಎತ್ತಿಡೋಣ ಅಂತ ಮೆಟ್ಟಿಲ ಕೆಳಗೆ ಹೋದೆ. ಅಲ್ಲಿ ಹದಿನೆಂಟರ ಚಕ್ರಗಳು ನಾಲ್ಕೂ ನಾನು ಪೇರಿಸಿದ ಹಾಗೇ ಇದ್ದವು. ಅವುಗಳ ಮೇಲೆ ಬೆಳಿಗ್ಗೆ ನಾನು ಇಟ್ಟ ಊಟದ ಡಬ್ಬಿಯೂ ಇಟ್ಟ ಹಾಗೇ ಇತ್ತು.

ಟೈರಿನ ಗೋಡೆ ದಾಟಿ ಹೋಗಿ ಬಗ್ಗಿ ನೋಡಿದೆ. ಕಪ್ಪು ಬಣ್ಣ, ಬೆಳ್ಳಿ ಗೆರೆ. ಇಪ್ಪತ್ತು ಇಂಚು.

ನಮ್ಮ ಮನೆಯವರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಗದರಿಸುವ ಮೊದಲೇ ಎಲ್ಲ ಒಪ್ಪಿಕೊಂಡರು. ಆ ಚಂದದ ರಿಮ್ಮುಗಳನ್ನು ಯಾರಾದರೂ ಕದ್ದರೆ ಅಂತ ಒಂದೊಂದು ಚಕ್ರಕ್ಕೂ ಒಂದೊಂದು ಲಾಕ್ ನಟ್ಟು ಹಾಕಿಸಿದ್ದರು. ಅದನ್ನು ಬಿಚ್ಚುವ ಕೀ ಕಳೆಯಬಾರದು ಅಂತ ತಮ್ಮ ರಟ್ಟಿನ ಅಂಗಡಿಯ ಮೇಜಿನ ಖಾನೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ಭದ್ರವಾಗಿಟ್ಟಿದ್ದರು. ಅದು ನೆನಪಾದದ್ದು ಜಾಕು ಏರಿಸಿದ ಮೇಲೆ. ಕೀ ಇಲ್ಲ ಅಂತ ಬಂದು ಹೇಳಿದರೆ ಇಬ್ಬರು ಮುದುಕಿಯರ ಎದುರಿಗೆ ನಾನು ಮಾನ ತೆಗೆಯುತ್ತೇನೆ ಅನ್ನುವ ಭಯ. ಅದಕ್ಕೆ ಗನ್ನನ್ನು ಗಾಳಿಯಲ್ಲಿ ಹಿಡಿದು ನಲವತ್ತು ಸಲ ಓಡಿಸಿದ್ದರು. ನಲವತ್ತೇ ಯಾಕೆ ಅಂದರೆ, ನೀನು ಎಣಿಸ್ತೀಯ ಅಂತ ಗೊತ್ತಿತ್ತು ಅಂದರು.

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಅನ್ನುವ ಗಾದೆಯನ್ನು ಕೇಳಿದ್ದೆ, ಮಾಡಿ ತೋರಿಸಿದವರನ್ನು ನೋಡಿದ್ದು ಅವತ್ತೇ. ನಾನು ಶುರು ಮಾಡಿದೆ. ರಟ್ಟು ಕಟ್ಟುವವರು, ಗೊಂಬೆ ಗಂಡ, ಕೀ ಮರೆತರೆ ಮರೆತೆ ಅನ್ನಬೇಕು, ಅದು ಬಿಟ್ಟು ನಾಟಕ, ಅದಕ್ಕೆ ನಾನು ಹತ್ತಿ ಹಾಸಿಗೆ ಅಂತ ಬೇರೆ ಬರೆದುಕೊಂಡು, ತಿರುವಿನಲ್ಲಿ ವಾಲಿತು ಅಂತಲೂ...

ಅಲ್ಲಿಗೆ ಮಾತು ನಿಂತಿತು. ಮೂವತ್ತು ವರ್ಷ ಚಕ್ರದಲ್ಲೇ ಬದುಕಿದವಳು ನಾನು, ಇಲ್ಲದ ಮೆತ್ತನೆಯನ್ನು ಕಂಡು ಸುಖಪಟ್ಟಿದ್ದೆ. ಅತ್ತೆ ಇಲ್ಲದ ಹತ್ತಿಯ ಮೇಲೆ ಜೊಂಪು ಹತ್ತಿ ಮಲಗಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವಿಬ್ಬರೂ. ಸರಿಯಾಗಿ ಹೇಳಿದವಳು ಒಬ್ಬಳೇ. ಅವಳಿಗೆ ನಾನು ನಿನಗೆ ಗೊತ್ತಾಗಲ್ಲ ಅಂದಿದ್ದೆ.

ಹೋಗಿ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಈ ಸಲ ಸಿಟ್ಟು ಬರಲಿಲ್ಲ, ಅಳುವೇ ಬಂತು.

"ಗನ್ನು ಖಾಲಿ ಓಡ್ತಿತ್ತು ಕಣೇ" ಅಂದಳು ಅಮ್ಮ, ನನ್ನ ತಲೆಯ ಮೇಲೆ ಕೈಯಿಟ್ಟು. "ನಟ್ಟು ಸಿಕ್ಕಿದ್ರೆ ಟಕಟಕ ಅಂತ ಒದೆಯುತ್ತೆ. ಖಾಲಿ ಇದ್ರೆ ಬರೀ ಝುಂಯ್ ಅನ್ನುತ್ತೆ. ನೀನು ಎಣಿಸ್ತಾ ಇದ್ದೆ, ಕೇಳಿಸ್ಕೊಳ್ಳಲಿಲ್ಲ."

"ಆಗಲೇ ಹೇಳಬಾರದಿತ್ತಾ?"

"ಹೇಳಿದ್ರೆ ಅಳಿಯಂದ್ರನ್ನ ನೀನು ಸುಮ್ನೆ ಬಿಡ್ತಿದ್ಯಾ? ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ಆದ್ರೆ ಚಕ್ರ ಹೇಗಿದೆ ಅಂತ ನೀನು ಕೇಳ್ಬಿಟ್ಟೆ ನೋಡು. ಅದರಲ್ಲಿ ಸುಳ್ಳು ಹೇಳೋಕೆ ನಂಗೆ ಬರಲ್ಲ."

ಅಣ್ಣನಿಗೆ ಬರಬೇಡ ಅಂತ ಹೇಳಲು ಫೋನ್ ತೆಗೆದೆ. ಅಮ್ಮನೇ ಬೇಡ ಅಂದಳು. ಬರಲಿ ಬಿಡು, ಅವನ ಮುಖ ನೋಡಿ ನಾಲ್ಕು ತಿಂಗಳಾಯಿತು ಅಂದಳು. ಆಮೇಲೆ ಊಟ ಆಯ್ತಾ ಅಂತ ಕೇಳಿದಳು. ಆಯ್ತು ಅಂದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದಳು. ಮತ್ತೆ ಆಯ್ತು ಅಂದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಯವರು ಕೀಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ನಾಲ್ಕೂ ಚಕ್ರ ನಾನೇ ಬದಲಿಸಿದೆ, ಬಿಗಿಯನ್ನು ಅವರು ನೋಡಿದರು. ಬಿಚ್ಚಿದ ರಿಮ್ಮುಗಳನ್ನು ಅವರು ಒಂದೊಂದಾಗಿ ಒರೆಸುವುದನ್ನು ನೋಡಿ ಅಯ್ಯೋ ಪಾಪ ಅನಿಸಿತು. ಹತ್ತು ಗಂಟೆಗೆ ಅಣ್ಣ ಬಂದ. ಅವನ ಕೈಯಲ್ಲಿ ಖಾಲಿ ಸೂಟ್‌ಕೇಸು. ಅವನು ಅದನ್ನು ಬಾಗಿಲಲ್ಲಿ ಇಡುವ ಮೊದಲೇ ನಡೆದದ್ದನ್ನೆಲ್ಲ ಹೇಳಿದೆ. ಅವನು ನಕ್ಕ. ಒಂದು ಸಲ ಕಾಕತಾಳೀಯವಾಗಿ ಸರಿಯಾಗಿರಬಹುದು ಕಣೇ, ಗ್ಯಾಸ್ ಬಿಟ್ಟಿದ್ದು ನಿಜ ತಾನೇ ಅಂದ. ನಿಜ, ನಾನೇನು ಇಲ್ಲ ಅನ್ನಲಿ. ಕಾರು ಹತ್ತು ಅಂದೆ.

ಹಿಂದೆ ಎಡಕ್ಕೆ ಅಮ್ಮ, ನಡುವೆ ಅಣ್ಣ, ಬಲಕ್ಕೆ ಅತ್ತೆ. ಅತ್ತೆ ನಿನ್ನೆಯ ಅವಮಾನಕ್ಕೆ ಇವತ್ತು ಬಾಯಿಗೆ ಬೀಗ ಹಾಕಿದ್ದರು. ಓಣಿಯ ಕಲ್ಲುಗಳ ಮೇಲೆ ಹತ್ತಿದಾಗ ಅಮ್ಮನ ಮುಖ ಬಿಚ್ಚಿಕೊಂಡಿತು.

"ಇದು ಬೇರೆ ಚಕ್ರ" ಅಂದಳು. ಹಂಪು ದಾಟಿದ ಮೇಲೆ, ಹತ್ತಿದ್ದು ಗೊತ್ತಾಯಿತು, ಇಳಿದದ್ದು ಗೊತ್ತಾಗಲಿಲ್ಲ ಅಂದಳು. ಸೇತುವೆಯ ತಿರುವು ಬಂದಾಗ, "ಅಳಿಯಂದ್ರೇ, ಇಲ್ಲಿ ಸ್ವಲ್ಪ ನಿಧಾನ. ಇದು ಮಾತು ಕೇಳುತ್ತೆ, ಆದ್ರೆ ಒಂದು ಗಳಿಗೆ ತಡವಾಗಿ" ಅಂದಳು. ನಮ್ಮ ಮನೆಯವರು, ಹೌದತ್ತೆ, ಅದಕ್ಕೇ ನಾನು ಇಪ್ಪತ್ತು ಅಂದಿದ್ದು ಅಂತ ಮೆಲ್ಲಗೆ ಗೊಣಗಿದರು. ಅದೂ ನಿಜವೇ ಅಂದಳು ಅಮ್ಮ. ನನ್ನ ಗಂಡನ ಬೆನ್ನು ಎರಡಂಗುಲ ನೆಟ್ಟಗಾಯಿತು.

ಕಾಲುವೆ ಪಕ್ಕದ ನೇರ ರಸ್ತೆಯಲ್ಲಿ ವೇಗ ಹೆಚ್ಚಿತು. ಅಮ್ಮ ಅಂಗೈ ಊರಿ ಕಣ್ಣು ಮುಚ್ಚಿದಳು. ಕನ್ನಡಿಯಲ್ಲಿ ನೋಡಿದೆ. ಅಣ್ಣ ಉಸಿರು ಬಿಗಿಹಿಡಿದು ಕೂತಿದ್ದ, ಐವತ್ತೆಂಟು ವರ್ಷದವನು, ಗದರಿಸಿಕೊಳ್ಳುವ ಹುಡುಗನ ಹಾಗೆ. ನಾನೂ ಹಾಗೇ ಕೂತಿದ್ದೆ ಅಂತ ಆಮೇಲೆ ಗೊತ್ತಾಯಿತು.

"ಹಿಂದಿನ ಎಡ" ಅಂದಳು ಅಮ್ಮ.

ಸಾಧ್ಯವೇ ಇರಲಿಲ್ಲ. ನಾನೇ ಯಂತ್ರದ ಮೇಲೆ ಹಾಕಿ ಸೊನ್ನೆ ತೋರಿಸಿದ ಚಕ್ರ. ನನಗೆ ಏನೂ ತಿಳಿಯುತ್ತಿರಲಿಲ್ಲ, ನಮ್ಮ ಮನೆಯವರಿಗೂ ತಿಳಿಯುತ್ತಿರಲಿಲ್ಲ. ಅಣ್ಣ ನನ್ನ ಕಡೆ ನೋಡಿದ. ಯಂತ್ರ ಸುಳ್ಳೋ, ಅಮ್ಮ ಸುಳ್ಳೋ? ನಿನ್ನೆ ಆಡಿದ ಮಾತು ಮತ್ತೆ ನಾಲಿಗೆಗೆ ಬಂತು, ಕಚ್ಚಿ ಹಿಡಿದೆ.

"ಓಣಿ ದಾಟೋವರೆಗೆ ಸರಿ ಇತ್ತು" ಅಂದಳು ಅಮ್ಮ. "ಅಲ್ಲಿಂದ ಈಚೆಗೆ ಶುರುವಾಗಿದೆ. ನಿಲ್ಸಿ."

ರಸ್ತೆ ಬದಿಗೆ ನಿಲ್ಲಿಸಿದೆವು. ನಾನು ಇಳಿದು ಹಿಂದಿನ ಎಡ ಚಕ್ರದ ಮುಂದೆ ಮಂಡಿಯೂರಿ, ರಿಮ್ಮಿನ ಕಡ್ಡಿಗಳ ಸಂದಿಯಿಂದ ಕೈ ತೂರಿಸಿ, ತೂಕ ಅಂಟಿಸಿದ್ದ ಜಾಗ ತಡವಿದೆ. ಅಲ್ಲಿ ತೂಕ ಇರಲಿಲ್ಲ. ಅಂಟಿನ ಒಂದು ಪಟ್ಟಿ ಮಾತ್ರ ಇತ್ತು, ಅದರ ಕೆಳಗೆ ಹಳೇ ಕೆಸರಿನ ಪುಡಿ. ರಿಮ್ಮು ಒರೆಸದೆ ಅಂಟಿಸಿದ್ದೆ. ಕಲಿಯುವವರು ಮಾಡಿದರೆ ನಾನು ಬೆನ್ನಿಗೆ ಗುದ್ದುವಂಥ ತಪ್ಪು, ಸಿಟ್ಟಿನ ಭರದಲ್ಲಿ ನಾನೇ ಮಾಡಿದ್ದೆ. ಆ ತುಂಡು ಓಣಿಯ ಕಲ್ಲುಗಳ ಮೇಲೆ ಎಲ್ಲೋ ಕಳಚಿ ಬಿದ್ದಿತ್ತು.

ಅಣ್ಣ ನನ್ನ ಪಕ್ಕದಲ್ಲಿ ಬಂದು ಕೂತ. ಇಸ್ತ್ರಿ ಮಾಡಿದ ಪ್ಯಾಂಟು ಧೂಳಾಗುವುದನ್ನೂ ನೋಡದೆ, ತಾನೂ ಕೈ ತೂರಿಸಿ ತಡವಿ, ಬೆರಳಿಗೆ ಹತ್ತಿದ ಕೆಸರಿನ ಪುಡಿಯನ್ನು ನೋಡುತ್ತಾ ಕೂತ. ಆಗ ಅತ್ತೆ ತಡೆಯಲಾರದೆ ಕಿಟಕಿಯಿಂದ ತಲೆ ಹಾಕಿ, ತಮಗೂ ಏನೋ ನಡುಗಿದ ಹಾಗೆ ಆಗಿತ್ತು, ಹೇಳಿದರೆ ನೀವು ನಂಬುತ್ತಿರಲಿಲ್ಲ ಅಂದರು.

ಅಂಗಡಿಗೆ ವಾಪಸು ಬಂದು ಕಾಫಿ ಕುಡಿದೆವು. ಗ್ಯಾಸಿನ ಮಾತು ಬಂತು, ಅದನ್ನು ಯಾರೂ ಮುಚ್ಚಿಡಲಿಲ್ಲ. ಒಲೆಯ ಜವಾಬ್ದಾರಿ ತಮ್ಮದು ಅಂತ ಅತ್ತೆ ತಾವಾಗಿಯೇ ಅಂದರು, ಬೀಗಿತ್ತಿ ಹೋದರೆ ತಾವು ಜಗಳ ಆಡುವುದಾದರೂ ಯಾರ ಜೊತೆ ಅಂತ ಸೇರಿಸಿದರು. ನಾನು ಅಣ್ಣನಿಗೆ ಒಂದೇ ಮಾತು ಹೇಳಿದೆ, ಅಮ್ಮನಿಗೆ ನಾಳೆಯಿಂದ ಕೆಲಸ ಇದೆ, ಯಂತ್ರದಲ್ಲಿ ಚಕ್ರ ಸರಿ ಮಾಡಿದ ಪ್ರತಿ ಕಾರಿನಲ್ಲೂ ಅವಳು ಒಂದು ಸುತ್ತು ಕೂರುತ್ತಾಳೆ ಅಂದೆ. ಲಾಕ್ ನಟ್ಟಿನ ಕೀಯನ್ನು ಅಮ್ಮನ ಕುರ್ಚಿಯ ಮೇಲಿನ ಮೊಳೆಗೆ ನೇತುಹಾಕಿದೆ. ಒಂದು ಇಪ್ಪತ್ತಿಂಚಿನ ರಿಮ್ಮನ್ನು ನಮ್ಮ ಮನೆಯವರು ತಮ್ಮ ರಟ್ಟಿನ ಅಂಗಡಿಯ ಗೋಡೆಗೆ ತೂಗುಹಾಕಿಕೊಳ್ಳಲು ಅನುಮತಿ ಕೇಳಿದರು, ಕೊಟ್ಟೆ. ಅಣ್ಣ ಕಾಫಿ ಮುಗಿಸಿದ.

ಆಗ ಅಮ್ಮ ಲೋಟ ಕೆಳಗಿಟ್ಟು ಅವನನ್ನು ನೋಡಿ, ಮುಖ ಅರಳಿಸಿಕೊಂಡು, "ಅರೆ, ನೀನು ಯಾವಾಗ ಬಂದ್ಯಪ್ಪ?" ಅಂದಳು.

ಅಣ್ಣ ನನ್ನ ಕಡೆ ನೋಡಿದ. ಅವನು ಎದ್ದು ಬಾಗಿಲಲ್ಲಿದ್ದ ಖಾಲಿ ಸೂಟ್‌ಕೇಸನ್ನು ಎತ್ತಿ ತನ್ನ ಕಾರಿನ ಡಿಕ್ಕಿಗೆ ಹಾಕಿದ. ತಿರುಗಿ ಬಂದು ಅಮ್ಮನ ಮುಂದೆ ಬಗ್ಗಿ ಕೈ ಚಾಚಿದ.

"ಈಗಷ್ಟೇ ಬಂದೆ ಅಮ್ಮ" ಅಂದ. "ನನ್ನ ಕಾರು ಯಾಕೋ ನಡುಗ್ತಾ ಇದೆ. ಸ್ವಲ್ಪ ಕೂತು ನೋಡ್ತೀಯಾ?"

ಅಮ್ಮ ಚೀಲ ತೆಗೆದುಕೊಂಡು ಎದ್ದಳು.